ಹೊಳೆಬಾಗಿಲು ಬೀದಿಯ ಮೂಲೆಮನೆ ಕಿಟಕಿ

...ಇಲ್ಲ ಮಗಳೇ, ನಿಮ್ಮಮ್ಮ ಅವತ್ತು ಈ ಕಡೆ ಬರಲಿಲ್ಲ. ಬಂದಿದ್ರೆ ನನ್ನ ಕಣ್ಣಿಗೆ ಬೀಳ್ತಿರಲಿಲ್ವಾ? ಬೆಳಗಿಂದ ಸಂಜೆವರೆಗೂ ಇದೇ ಬಾಗಿಲಲ್ಲಿ ನಿಂತಿರ್ತೀನಿ... ಅಲ್ಲಿ ಬೇಡ, ಅಲ್ಲಿ ಕೂರಬೇಡ ಯುನ್‌ಶಿಯಾ, ಅದು ಫೋಟೋಕ್ಕೆ ಅಂತ ಇಟ್ಟಿರೋ ಕುರ್ಚಿ. ಕೂತ್ರೆ ಹಿಂಗಾಲು ಕಳಚ್ಕೊಳ್ಳುತ್ತೆ. ಮೊನ್ನೆ ಒಬ್ಬ ದಡಿಯ ಕೂತು ಬಿದ್ದ, ಅವನ ಹೆಂಡ್ತಿ ಅದನ್ನೂ ಫೋಟೋ ತೆಗೆದ್ಲು. ಇಲ್ಲಿ ಬಾ. ಈ ಸ್ಟೂಲು ನಮ್ಮದೇ, ಹಳೇದು, ಗಟ್ಟಿ ಇದೆ.

ಚಹಾ ಹಾಕ್ತೀನಿ. ಬೇಡ ಅನ್ನಬೇಡ. ಅಮ್ಮ ಹೋದ ಮೇಲೆ ಮೊದಲ ಸಲ ಬಂದಿದ್ದೀಯ, ಬರೀ ಬಾಯಲ್ಲಿ ಕಳಿಸೋಕಾಗುತ್ತಾ? ಮುಂದಿನ ಪ್ರವಾಸಿಗರ ಗುಂಪು ಬರೋಕೆ ಇನ್ನೂ ಹೊತ್ತಿದೆ. ಫಾನ್ ಅಂತ ಆ ಗೈಡ್ ಹುಡುಗಿ ಬಾವುಟ ಹಿಡ್ಕೊಂಡು ಕರ್ಕೊಂಡು ಬರ್ತಾಳೆ, ಆಗ ಎದ್ದರಾಯ್ತು.

ಏನು ನೋಡ್ತಿದ್ದೀಯ? ಈ ಅಂಗೀನಾ? ಈಗ ಬೀದಿ ನಡೆಸೋ ಕಂಪನಿಯವರು ಕೊಟ್ಟಿದ್ದು ಕಣೇ. ನೀಲಿ ಬಟ್ಟೆ, ಬಿಳಿ ಹೂವು, ಕತ್ತಿನ ಹತ್ರ ಗಂಟು ಗುಂಡಿ. ನಮ್ಮ ಕಾಲದಲ್ಲಿ ಈ ಬೀದೀಲಿ ಇಂಥದ್ದು ಯಾರು ಹಾಕಿದ್ರು ಹೇಳು. ನಾನೂ ನಿಮ್ಮಮ್ಮನೂ ಕಾರ್ಖಾನೆಯ ಬೂದು ಬಣ್ಣದ ಕೋಟಲ್ಲೇ ಹರೆಯ ಕಳೆದವರು. ನಗು, ನಗೋದಾದ್ರೆ ನಗು. ಮೊದಲ ದಿನ ಕನ್ನಡಿ ಮುಂದೆ ನಿಂತಾಗ ನಮ್ಮವರು ಹಾಸಿಗೇಲಿ ಮಲಗಿದ್ದಲ್ಲೇ ಕೇಳಿದ್ರು, ‘ಚುನ್‌ಮೇ, ಯಾವ ಮದುವೆಗೆ?’ ಅಂತ.

...ನಗಲಿಲ್ಲ ನೀನು. ಸರಿ.

ಶವಸಂಸ್ಕಾರಕ್ಕೆ ನಾನು ಬರಲಿಲ್ಲ ಅಂತ ಮನಸ್ಸಲ್ಲಿದೆಯೇನೋ. ಇರಲಿ, ಇರಬೇಕಾದ್ದೇ. ನಮ್ಮವರ ಕಾಲು ಏಳೋಕಾಗದ ಹಾಗಿತ್ತು, ಬಿಟ್ಟು ಬರೋ ಹಾಗಿರಲಿಲ್ಲ. ಹೂವಿನ ಚಕ್ರ ಕಳಿಸಿದ್ದೆ. ಬಂದಿತ್ತಾ? ದೊಡ್ಡದೇ ಕಳಿಸಿ ಅಂದಿದ್ದೆ.

ಚಹಾ ಕುಡಿ, ಆರುತ್ತೆ.

ಬೀದಿಯ ಗುರುತು ಸಿಕ್ತಾ ನಿನಗೆ? ಮೊದಮೊದಲು ನನಗೂ ಸಿಗ್ತಿರಲಿಲ್ಲ. ರಿಪೇರಿಗೆ ಅಂತ ಬೇಲಿ ಹಾಕಿದ್ದು ತೆಗೆದ ದಿನ ನಮ್ಮ ಬಾಗಿಲನ್ನ ನಾನೇ ದಾಟಿ ಹೋಗಿಬಿಟ್ಟೆ. ಎಲ್ಲ ಒಂದೇ ಬಣ್ಣದ ಇಟ್ಟಿಗೆ, ಎಲ್ಲ ಕಡೆ ಕೆಂಪು ಗೂಡುದೀಪ. ಮನೆಗಳ ಮೇಲೆ ಕೆಂಪು ಬಣ್ಣದಲ್ಲಿ ‘ಕೆಡವು’ ಅಂತ ಬರೆದು ಸುತ್ತು ಹಾಕಿ ಹೋಗಿದ್ರಲ್ಲ, ಆಗ ನಾವು ಬೀದಿ ಹೆಂಗಸರೆಲ್ಲ ಸರ್ಕಾರಿ ಕಚೇರಿ ಮುಂದೆ ಹೋಗಿ ಕೂತ್ವಿ. ನಿಮ್ಮಮ್ಮ ಹಬೆ ಪಾತ್ರೆ ಸಮೇತ ಬಂದಿದ್ಲು, ಕೂತವರಿಗೆ ಹಸಿವಾಗುತ್ತೆ ಅಂತ. ಕಚೇರಿಯವರಿಗೂ ಹಬೇಲಿ ಬೇಯಿಸಿದ ಒಂದೊಂದು ಬನ್ನು ಕೊಟ್ಲು. ಆಮೇಲೆ ಅವರು ಅಂದ್ರು, ಕೆಡವೋದಿಲ್ಲ, ಹಳೇದನ್ನ ಹಳೇದರ ಹಾಗೇ ಸರಿಮಾಡ್ತೀವಿ ಅಂತ. ನಾವು ಗೆದ್ವಿ ಅಂದ್ಕೊಂಡ್ವಿ.

ನೆಲದ ಕಲ್ಲು ನೋಡಿದ್ಯಾ? ನಮ್ಮ ಕಲ್ಲುಗಳಿಗೆ ಅಂಕಿ ಬರೆದು ಲಾರಿಗೆ ತುಂಬಿದ್ರು. ಅದೇ ಕಲ್ಲು ಅದೇ ಜಾಗಕ್ಕೆ ಬರುತ್ತೆ ಅಂದ್ರು. ಬಂದದ್ದು ಬೇರೆ ಕಲ್ಲು. ಹೊಳೆಯಿಂದ ಉಪ್ಪು, ಬಟ್ಟೆ, ಪಿಂಗಾಣಿ ಹೇರ್ಕೊಂಡು ಬರ್ತಿದ್ದ ಒಂಟಿ ಗಾಲಿ ಗಾಡಿಗಳು ಎಷ್ಟು ತಲೆಮಾರು ಉರುಳಿ ಬಿದ್ದ ಗಾಲಿ ಗುರುತು ನಮ್ಮ ಹಳೇ ಕಲ್ಲಿನ ಮೇಲಿತ್ತು. ಈಗ ಅದನ್ನ ಹೊಸ ಕಲ್ಲಿನ ಮೇಲೆ ಯಂತ್ರದಲ್ಲಿ ಕೊರೆಸಿದ್ದಾರೆ. ನಾನು ದಿನಾ ಬಂದವರಿಗೆ ಅದನ್ನೇ ತೋರಿಸಿ ‘ನಿಮ್ಮ ಕಾಲು ಇಲ್ಲಿಡಿ, ಇನ್ನೂರು ವರ್ಷ ತಾಕುತ್ತೆ’ ಅಂತೀನಿ. ಜನ ಚಪ್ಪಲಿ ಬಿಚ್ಚಿ ಕಾಲಿಡ್ತಾರೆ ಕಣೇ. ನನಗೆ ನಾಚಿಕೆ ಆಗೋದಿಲ್ವಾ ಅಂತೀಯಾ? ಆಗುತ್ತೆ. ಆಮೇಲೆ ಅಭ್ಯಾಸ ಆಗುತ್ತೆ. ಎಲ್ಲದಕ್ಕೂ ಅಭ್ಯಾಸ ಆಗುತ್ತೆ.

ನಾನು ಹೇಳೋದರಲ್ಲಿ ನಿಜಾನೂ ಇದೆ. ಹೊಳೆಬಾಗಿಲಿಂದ ಗಡಿಯಾರದ ಕಂಬದವರೆಗೂ ಅಂಗಡಿ, ಮೇಲೆ ಮನೆ. ನಮ್ಮತ್ತೆ ಹೇಳ್ತಿದ್ರು, ಅವರ ಕಾಲದಲ್ಲಿ ಕಣ್ಣು ಮುಚ್ಚಿ ನಡೆದ್ರೂ ವಾಸನೇಲೇ ಗೊತ್ತಾಗ್ತಿತ್ತಂತೆ ಯಾವ ಅಂಗಡಿ ಮುಂದೆ ಇದ್ದೀವಿ ಅಂತ. ಆಮೇಲೆ ಅಂಗಡಿಗಳನ್ನೆಲ್ಲ ಸೇರಿಸಿ ಸರ್ಕಾರದ್ದು ಮಾಡಿದ್ರು. ಆಮೇಲೆ ಕ್ರಾಂತಿ ಅಂತ ಹುಡುಗರು ತೋಳಿಗೆ ಕೆಂಪು ಪಟ್ಟಿ ಕಟ್ಕೊಂಡು ಬಂದು ಹಳೇ ಫಲಕಗಳನ್ನೆಲ್ಲ ಕಿತ್ತು ಬೀದಿ ನಡುವೆ ಸುಟ್ಟರು. ಆ ಬೂದಿ ಗುಡಿಸಿದವರಲ್ಲಿ ನಮ್ಮತ್ತೆಯೂ ಒಬ್ಬರು. ನಾನು ಸೊಸೆಯಾಗಿ ಬರೋ ಹೊತ್ತಿಗೆ ಮತ್ತೆ ಅಂಗಡಿ ತೆಗೀಬಹುದು ಅಂತ ಆಗಿತ್ತು. ನಮ್ಮದು ದಾರ, ಗುಂಡಿ. ಎದುರಿಗೆ ಮೂಲೆಮನೇಲಿ ನಿಮ್ಮಮ್ಮನ ಬನ್ನಿನಂಗಡಿ. ಬೆಳಗ್ಗೆ ಎದ್ದು ಬಾಗಿಲು ತೆಗೆದ್ರೆ ಮೊದಲು ಕಾಣ್ತಿದ್ದದ್ದು ಹಬೆ. ಹಬೆ ಸರಿದ ಮೇಲೆ ನಿಮ್ಮಮ್ಮನ, ನಮ್ಮ ರುಯಿಜೆನ್ ಅಕ್ಕನ ಮುಖ. ‘ಏಳಲಿಲ್ವೇನೇ ಸೋಮಾರಿ’ ಅಂತಿದ್ಲು. ಒಂದು ದಿನ ತಪ್ಪಿಸಿದವಳಲ್ಲ.

ಯಾಕೆ ಹಾಗೆ ನೋಡ್ತಿದ್ದೀಯ?

...ಎಲ್ಲಿ ನಿಂತಿದ್ದೆ ನೀನು? ಬೆಳಗಿನ ಗುಂಪಿನ ಜೊತೆಗಾ? ಹಿಂದುಗಡೆ? ಎಲ್ಲಾನೂ ಕೇಳಿಸ್ಕೊಂಡ್ಯಾ? ಕಿಟಕಿ ಕತೇನೂ?

ಅಯ್ಯೋ. ಮೊದಲೇ ಹೇಳಬಾರದಿತ್ತಾ. ನಾನು ಇಷ್ಟು ಹೊತ್ತು ಅಂಗಿ, ಕಲ್ಲು ಅಂತ ಏನೇನೋ ಹೇಳ್ತಾ ಕೂತೆ.

ಕೇಳು. ಕೇಳು ಯುನ್‌ಶಿಯಾ. ಅದು ನಿಮ್ಮಮ್ಮಂದೇ ಕತೆ. ನಾನು ಇಲ್ಲ ಅಂದ್ನಾ? ತೊಂಬತ್ತೆಂಟರ ನೆರೆ ಬಂದಾಗ ನೀನು ಸೋದರಮಾವನ ಊರಲ್ಲಿದ್ದೆ, ನೀನು ನೋಡಿಲ್ಲ. ನಾನು ನೋಡಿದ್ದೀನಿ. ಬೀದೀಲಿ ಎದೆಮಟ್ಟ ನೀರು. ಎಲ್ಲರೂ ಮಹಡಿ ಮೇಲೆ. ನಮ್ಮನೇಲಿ ಅಕ್ಕಿ ಕೆಳಗಿತ್ತು, ಹೋಯ್ತು. ನನ್ನ ಮಗನಿಗೆ ಜ್ವರ. ನಿಮ್ಮಮ್ಮ ಏನು ಮಾಡಿದ್ಲು ಗೊತ್ತಾ, ನೀರು ಬರೋ ಮುಂಚೇನೇ ಹಿಟ್ಟಿನ ಮೂಟೆಗಳನ್ನ ಒಬ್ಬಳೇ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದ್ಲು. ಕಲ್ಲಿದ್ದಲ ಒಲೆ ಹತ್ತಿಸಿದ್ಲು. ಬಟ್ಟೆ ಒಣಹಾಕೋ ಹಗ್ಗಕ್ಕೆ ಬಿದಿರು ಬುಟ್ಟಿ ಕಟ್ಟಿ ಆ ಮೂಲೆ ಕಿಟಕಿಯಿಂದ ಇಳಿಬಿಟ್ಲು. ಯಾರೋ ಬಾಗಿಲ ಹಲಗೆ ಮೇಲೆ ಕೂತು ತೇಲ್ಕೊಂಡು ಹೋಗಿ ಬುಟ್ಟಿ ಹಿಡ್ಕೊಂಡು ಮನೆಮನೆ ಕಿಟಕಿಗೆ ಕೊಡೋದು. ದಿನಕ್ಕೆ ಎರಡು ಹೊತ್ತು, ನೀರು ಇಳಿಯೋವರೆಗೂ. ಮೊದಲ ಬುಟ್ಟಿ ನಮ್ಮ ಕಿಟಕಿಗೇ ಬಂತು. ‘ಮೊದಲು ಚುನ್‌ಮೇ ಮಗೂಗೆ’ ಅಂತ ಕೂಗಿ ಹೇಳಿದ್ದು ಇಡೀ ಬೀದಿಗೆ ಕೇಳಿಸ್ತು.

ಅದನ್ನ ನಾನು ‘ನಾನು’ ಅಂತ ಹೇಳ್ತೀನಿ. ಹೌದು. ಹಾಗೇ ಹೇಳ್ತೀನಿ.

ಹೇಗಾಯ್ತು ಅಂದ್ರೆ... ನೆಪ ಹೇಳ್ತಿಲ್ಲ, ಆದದ್ದು ಹೇಳ್ತೀನಿ. ಹಳಬರಿಂದ ಕತೆ ಬೇಕು ಅಂತ ಫಾನ್ ಹುಡುಗಿ ಬಂದ್ಲು. ಒಳ್ಳೇ ಹುಡುಗಿ, ಕೆಟ್ಟವಳಲ್ಲ. ನಾನು ನಿಮ್ಮಮ್ಮನ ಕತೆ ಹೇಳಿದೆ, ನಿಮ್ಮಮ್ಮನ ಹೆಸರು ಹಿಡಿದೇ ಹೇಳಿದೆ. ಅವಳ ಕಣ್ಣು ತುಂಬ್ತು. ‘ಆ ಅಜ್ಜಿ ಎಲ್ಲಿ?’ ಅಂದ್ಲು. ರೈಲ್ವೆ ಸ್ಟೇಷನ್ ಆಚೆ ಹೊಸ ಬಡಾವಣೆಗೆ ಹೋಗಿದ್ದಾಳೆ, ಮರೆವು ಶುರುವಾಗಿದೆ ಅಂದೆ. ಹುಡುಗಿ, ‘ಇಲ್ಲಿ ಇಲ್ಲದವರ ಕತೆ ಜನಕ್ಕೆ ನಾಟಲ್ಲ ಆಂಟಿ. ನೀವು ಇದ್ದೀರಲ್ಲ. ನಾನು ಅಂತ ಹೇಳಿಬಿಡಿ, ಯಾರಿಗೆ ನಷ್ಟ?’ ಅಂದ್ಲು.

ಯಾರಿಗೆ ನಷ್ಟ. ನನಗೂ ಹಾಗೇ ಅನ್ನಿಸ್ತು.

ಮೊದಲ ಸಲ ನಾಲಿಗೆ ತೊಡರಿತು. ಎರಡನೇ ಸಲ ಇಲ್ಲ. ಆಮೇಲಾಮೇಲೆ ಏನಾಯ್ತು ಅಂದ್ರೆ, ಹಗ್ಗ ಅಂಗೈ ಕೊಯ್ದದ್ದು ನನಗೇ ನೆನಪಾಗೋಕೆ ಶುರುವಾಯ್ತು. ನಿಜವಾಗ್ಲೂ. ಹೇಳ್ತಾ ಹೇಳ್ತಾ ಕೈ ಉಜ್ಜಿಕೊಳ್ತೀನಿ. ನೀನೂ ನೋಡಿರ್ತೀಯ.

ನಿನಗೆ ಕೋಪ ಬರಬೇಕು. ಬೈದುಬಿಡು. ಬೈದ್ರೆ ನನಗೆ ಹಗುರ ಆಗುತ್ತೆ.

...ಬೈಯೋದಿಲ್ವಾ.

ಬೀದಿ ರಿಪೇರಿ ಆದ ಮೇಲೆ ಅಂಗಡಿ ಜಾಗ ನನಗೆ ಯಾಕೆ ಸಿಕ್ತು, ನಿಮ್ಮಮ್ಮನಿಗೆ ಯಾಕೆ ಸಿಗಲಿಲ್ಲ ಅಂತ ಯೋಚಿಸ್ತಿದ್ದೀಯೇನೋ. ಅದರಲ್ಲಿ ನನ್ನ ಕೈ ಇಲ್ಲ, ಆಣೆ. ಮರದ ಮಹಡಿ ಕೆಳಗೆ ಒಲೆ, ಬೆಂಕಿ ಏನೂ ಬೇಡ ಅಂದ್ರು ಕಂಪನಿಯವರು. ಬನ್ನು ಬೆಂಕಿ ಇಲ್ಲದೆ ಬೇಯುತ್ತಾ? ಗುಂಡಿ, ದಾರಕ್ಕೆ ಬೆಂಕಿ ಬೇಡ. ಅಷ್ಟೇ ವ್ಯತ್ಯಾಸ. ಈಗ ನೋಡು, ಅದೇ ಮೂಲೆಮನೇಲಿ ಹಾಲು ಚಹಾ ಮಾರ್ತಾರೆ, ಕರೆಂಟಿನ ಒಲೇಲಿ ದಿನವಿಡೀ ಏನೋ ಕುದೀತಿರುತ್ತೆ, ಅದಕ್ಕೆ ಅಡ್ಡಿಯಿಲ್ಲ. ಕಿಟಕಿ ಹೊಸ ಮರದ್ದು. ಬುಟ್ಟಿಯೊಂದು ನೇತಾಡ್ತಿದೆಯಲ್ಲ, ಅದರೊಳಗಿನ ಬನ್ನು ಪ್ಲಾಸ್ಟಿಕ್ಕಿನದು. ಗುಬ್ಬಿಗಳಿಗೆ ಮೊದಲು ಗೊತ್ತಾಯ್ತು, ಕುಟುಕಿ ನೋಡಿ ಬಿಟ್ಟವು.

ನಾನು ಬಡಾವಣೆಗೆ ಬಂದು ನೋಡಿದ್ದೆ ಅವಳನ್ನ. ಎರಡು ಸಲ ಬಂದಿದ್ದೆ, ಸುಳ್ಳಲ್ಲ. ಹದಿನೇಳನೇ ಮಹಡಿ. ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತಿದ್ಲು. ‘ಇಲ್ಲಿಂದ ಬುಟ್ಟಿ ಬಿಟ್ರೆ ಹಗ್ಗ ಸಾಕಾಗಲ್ಲ ಕಣೇ’ ಅಂದ್ಲು. ನಗ್ತಾ ಅಂದ್ಲೋ, ನಿಜವಾಗಿ ಲೆಕ್ಕ ಹಾಕ್ತಿದ್ಲೋ ತಿಳೀಲಿಲ್ಲ. ಆಮೇಲೆ ನಾನು ಬರೋದು ಬಿಟ್ಟೆ. ಕೆಲಸ ಶುರುವಾಯ್ತಲ್ಲ. ಬೆಳಗ್ಗೆ ಪೂರ್ತಿ ಅವಳಾಗಿ ನಿಂತು, ಸಂಜೆ ಅವಳ ಮುಂದೆ ಹೋಗಿ ಏನಂತ ಕೂರಲಿ?

ನಿನ್ನ ತಪ್ಪಿಲ್ಲ ಮಗಳೇ. ನೀನು ಕೆಲಸಕ್ಕೆ ಹೋಗದೆ ಕಾವಲು ಕೂರೋಕಾಗುತ್ತಾ? ಬಾಗಿಲು ತೆಗೆದು ಹೋಗಿಬಿಟ್ಲು, ಅಷ್ಟೇ. ಮರೆವಿನವರು ಹಾಗೇ. ಸಂಜೆ ಹೊಳೆದಂಡೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಿದಾಗ ಮೈಯೆಲ್ಲ ಮರಗಟ್ಟಿತ್ತಂತೆ, ಬೀದಿಯವರು ಹೇಳಿದ್ರು. ಎದೆಗೆ ಶೀತ ಇಳಿದಿತ್ತು ಅಂದ್ರು. ಅಯ್ಯೋ ಪಾಪ, ಹೊಸವರ್ಷದ ಹಬ್ಬದ ಮುಂಚಿನ ಆ ಚಳೀಲಿ, ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ನಿನ್ನ ಮನೆ ಚಪ್ಪಲಿ ಸಿಕ್ಕಿಸ್ಕೊಂಡು, ಎಷ್ಟು ದೂರ ನಡೆದಿದ್ಲೋ ಏನೋ...

ಏನು?

ಯಾಕೆ, ಏನಾಯ್ತು?

ಚಪ್ಪಲೀನಾ? ನೀನೇ ಹೇಳಿದ್ದಲ್ವಾ. ಫೋನಲ್ಲಿ. ಹೇಳಿದ್ದೆ... ಇಲ್ವಾ? ಮತ್ತೆ ಬೀದಿಯವರು ಯಾರೋ ಹೇಳಿರಬೇಕು. ಅವಳು ಸಿಕ್ಕಾಗ ಯಾರೋ ನೋಡಿರಬೇಕು.

ಸಿಕ್ಕಾಗ ಬರಿಗಾಲಲ್ಲಿ ಇದ್ಲಾ.

ಎರಡೂ ಇರಲಿಲ್ವಾ.

...

ಹಾಗೆ ನೋಡಬೇಡ ಯುನ್‌ಶಿಯಾ.

ಬಂದಿದ್ಲು.

ಬಂದಿದ್ಲು ಕಣೇ. ಇಲ್ಲೇ ಬಂದಿದ್ಲು. ಅವತ್ತು ನಗರದಿಂದ ದೊಡ್ಡವರೆಲ್ಲ ಬಂದಿದ್ರು ಬೀದಿ ನೋಡೋಕೆ, ಕ್ಯಾಮೆರಾ, ಜನ, ಆ ಫಾನ್ ಹುಡುಗಿ ಬೆಳಗಿಂದ ಹತ್ತು ಸಲ ಬಂದು ನನ್ನ ಕಾಲರು ಸರಿಮಾಡಿ ಹೋಗಿದ್ಲು. ನಾನು ಕಿಟಕಿ ಕೆಳಗೆ ನಿಂತು ಹೇಳ್ತಿದ್ದೆ. ಹಿಟ್ಟಿನ ಮೂಟೆ ಹೊತ್ತು ಮಹಡಿ ಹತ್ತಿದೆ, ಹಿಟ್ಟು ಮುಗಿಯೋವರೆಗೂ ಬೇಯಿಸಿದೆ ಅಂತ ಅನ್ನೋವಾಗ ಹಿಂದಿನಿಂದ ಒಂದು ದನಿ ಬಂತು. ಜಗಳದ ದನಿಯಲ್ಲ. ಅಡುಗೆಮನೇಲಿ ಪಕ್ಕ ಕೂತು ಮಾತಾಡೋ ಹಾಗೆ. ‘ಕೊನೆಗೆ ಗೆಣಸಿನ ಹಿಟ್ಟು ಬೆರೆಸಿದ್ದೆ ಚುನ್‌ಮೇ, ಬರೀ ಗೋಧಿ ಸಾಕಾಗಲಿಲ್ಲ.’

ಜನ ದಾರಿ ಬಿಟ್ರು. ತೆಳ್ಳಗಿನ ಅಂಗಿ, ಕೂದಲು ಬಾಚಿಲ್ಲ, ಕಾಲಲ್ಲಿ ಹಾಗೆ. ಮೇಲೆ ಕಿಟಕಿ ನೋಡ್ತಿದ್ಲು, ನನ್ನ ನೋಡ್ತಿದ್ಲು. ಕೆಲವರು ನಕ್ಕರು. ಯಾರೋ ಫೋನೆತ್ತಿ ಹಿಡಿದ್ರು. ಫಾನ್ ಹುಡುಗಿ ನನ್ನ ಹತ್ರ ಬಂದು ಮೆಲ್ಲಗೆ, ‘ಆಂಟಿ, ಇವರು ನಿಮಗೆ ಗೊತ್ತಾ?’ ಅಂದ್ಲು.

ಗೊತ್ತಿಲ್ಲ ಅಂದೆ.

‘ನಿಮ್ಮ ಹೆಸರು ಹಿಡಿದು ಕರೆದ್ರಲ್ಲ’ ಅಂದ್ಲು. ಹೆಸರು ಅಂಗಡಿ ಬೋರ್ಡಿನ ಮೇಲೆ ಬರೆದಿದೆಯಲ್ಲ, ಓದಿರಬೇಕು ಅಂದೆ. ಪಾಪ, ಬುದ್ಧಿ ಸ್ಥಿಮಿತ ಇಲ್ಲ ಅನ್ನಿಸುತ್ತೆ ಅಂದೆ.

ಓದಿರಬೇಕು ಅಂದೆ. ರುಯಿಜೆನ್ ಅಕ್ಕನಿಗೆ ಒಂದಕ್ಷರ ಬರ್ತಿರಲಿಲ್ಲ. ನಿನ್ನ ಶಾಲೆಯ ಅಂಕಪಟ್ಟಿ ಬಂದಾಗಲೆಲ್ಲ ಏಪ್ರನ್ನಲ್ಲಿ ಕೈ ಒರೆಸ್ಕೊಂಡು ಓಡಿ ಬರ್ತಿದ್ಲು, ನಾನೇ ಓದಿ ಹೇಳ್ತಿದ್ದೆ. ಕಡಿಮೆ ಬಂದಾಗ ನಿನಗೆ ಏಟು ಬೀಳಬಾರದು ಅಂತ ಒಂದೆರಡು ಜಾಸ್ತಿ ಸೇರಿಸಿ ಓದ್ತಿದ್ದೆ. ಅದು ನಿನಗೂ ಗೊತ್ತು.

ಅವಳಿಗೆ ಕೇಳಿಸ್ತು. ನಾನಂದದ್ದು ಪೂರ್ತಿ ಕೇಳಿಸ್ತು. ಕಾವಲಿನವನು ಬಂದು ತೋಳು ಹಿಡಿದ, ಒರಟಾಗಿ ಅಲ್ಲ, ಮರ್ಯಾದೆಯಿಂದಲೇ ಹಿಡಿದ. ಅವಳು ನನ್ನ ಮುಖ ಒಂದು ಗಳಿಗೆ ನೋಡಿದ್ಲು. ಆಮೇಲೆ ಎಲ್ಲರಿಗೂ ತಲೆ ಬಾಗಿಸಿ ಅಂದ್ಲು, ‘ಕ್ಷಮಿಸಿ. ನಾನೇ ದಾರಿ ತಪ್ಪಿದೆ. ಇದು ಬೇರೆ ಬೀದಿ ಇರಬೇಕು.’

ಬೇರೆ ಬೀದಿ ಇರಬೇಕು ಅಂದ್ಲು ಕಣೇ. ಮರೆವಿಂದ ಅಂದ್ಲೋ, ನನ್ನ ಮಾನ ಉಳಿಸೋಕೆ ಅಂದ್ಲೋ. ಹಗಲೂ ಅದೇ, ಮಲಗಿದ್ರೂ ಅದೇ. ಮರೆವಿರಲಿ ಅಂತ ಬೇಡ್ಕೊಳ್ತೀನಿ. ಆದ್ರೆ ಗೆಣಸಿನ ಹಿಟ್ಟು ನೆನಪಿದ್ದವಳಿಗೆ ನಾನು ಮರೆತುಹೋಗ್ತೀನಾ?

ಕಾವಲಿನವನು ನಿಲ್ದಾಣದವರೆಗೆ ಬಿಟ್ಟು ಬಂದ. ನಾನು ಕತೆ ಮುಂದುವರಿಸಿದೆ. ಮುಗಿಸಿದೆ. ಚಪ್ಪಾಳೆ ತಟ್ಟಿದ್ರು. ಆಮೇಲೆ ಓಡಿದೆ ನಿಲ್ದಾಣಕ್ಕೆ, ಅವಳು ಕಾಣಲಿಲ್ಲ. ಬಸ್ಸು ಹತ್ತಿರಬೇಕು ಅಂದ್ಕೊಂಡೆ. ಅಂದ್ಕೊಂಡರೆ ವಾಸಿ ಅನ್ನಿಸ್ತು, ಅಂದ್ಕೊಂಡೆ. ಸುತ್ತಮುತ್ತ ಹುಡುಕಲಿಲ್ಲ. ಎಲ್ಲಿಗೆ ಹೋಗಿದ್ಲೋ, ಯಾವಾಗ ಮತ್ತೆ ಆ ಬೆಂಚಿಗೆ ಬಂದು ಕೂತ್ಲೋ. ಇನ್ನೂ ಊಟದ ಹೊತ್ತೂ ಆಗಿರಲಿಲ್ಲ ಯುನ್‌ಶಿಯಾ. ನಿನ್ನ ನಂಬರು ನನ್ನ ಫೋನಲ್ಲಿತ್ತು. ತೆಗೆದೂ ನೋಡಿದೆ. ಮಾಡಿದ್ರೆ ನೀನು ಕೇಳ್ತೀಯ, ಎಲ್ಲಿ ನೋಡಿದ್ರಿ, ಯಾಕೆ ಹಿಡಿದು ಕೂರಿಸಲಿಲ್ಲ ಅಂತ. ಏನು ಹೇಳಲಿ? ಫೋನು ಜೇಬಿಗೆ ಹಾಕ್ಕೊಂಡೆ.

ಸಂಜೆ ನೀನೇ ಫೋನ್ ಮಾಡಿದೆ. ಅಮ್ಮ ಆ ಕಡೆ ಬಂದ್ಲಾ ಚಿಕ್ಕಮ್ಮ ಅಂತ. ಇಲ್ಲ ಅಂದೆ. ಈಗಲೂ ಇಲ್ಲ ಅಂದೆ. ನೀನು ಇನ್ನೂ ಎಷ್ಟು ಸಲ ಬಂದು ಕೇಳಿದ್ರೂ ಇಲ್ಲ ಅಂತಲೇ ಹೇಳ್ತಿದ್ನೋ ಏನೋ.

ಆಸ್ಪತ್ರೇಲಿ ನನ್ನ ಹೆಸರು ಎತ್ತಿದ್ಲಾ? ಅದೊಂದು ಹೇಳು. ಒಳ್ಳೇದೋ ಕೆಟ್ಟದ್ದೋ, ಚುನ್‌ಮೇ ಅಂತ ಅಂದಿದ್ಲಾ? ತಲೆ ಆಡಿಸಿದ್ರೂ ಸಾಕು.

...

ಎದ್ದುಬಿಟ್ಯಾ. ಚಹಾ ಮುಟ್ಟಲೇ ಇಲ್ಲ.

ಯುನ್‌ಶಿಯಾ. ಆ ಕಡೆ ಹೋಗಬೇಡ ಮಗಳೇ, ಆ ಕಡೆ ದಾರಿಯಿಲ್ಲ. ನಿಮ್ಮ ಮನೆ ಹಿಂದಿನ ಗಲ್ಲಿ ಈಗ ಇಲ್ಲ, ಗೋಡೆ ಎಬ್ಬಿಸಿಬಿಟ್ಟಿದ್ದಾರೆ... ಹೊರಗೆ ಹೋಗೋಕೆ ಇದೊಂದೇ ಬಾಗಿಲು. ನನ್ನ ಮುಂದೇನೇ ಹಾದು ಹೋಗಬೇಕು ನೀನು. ಹೋಗು. ನಾನು ಆ ಕಡೆ ಮುಖ ತಿರುಗಿಸ್ಕೊಳ್ತೀನಿ.